ಕೆಜಿಎಫ್‌ನ ನಷ್ಟದ ಲೆಕ್ಕ

ಕೋಲಾರ ಜಿಲ್ಲೆಯವನು ಅಂತ ಗೊತ್ತಾದರೆ ಬೆಂಗಳೂರಿನಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ನಿಮ್ಮ ಕಡೆ ನೀರು ಬಂತಾ? ಕೆಜಿಎಫ್ ಹತ್ತಿರಾನಾ? ಕೆಜಿಎಫ್ ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್, ಚಿನ್ನದ ಗಣಿಯ ಊರು. ಎರಡನೆಯ ಪ್ರಶ್ನೆ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಜಾಸ್ತಿಯಾಗಿದೆ. ಹತ್ತಿರಾನೇ ಅಂದರೆ ಸಾಕು, ಎದುರಿಗಿದ್ದವರು ಮಿಕ್ಕ ಕಥೆಯನ್ನು ತಾವೇ ಹೇಳಿ ಮುಗಿಸುತ್ತಾರೆ. ಬ್ರಿಟಿಷರು ಇದ್ದಬದ್ದ ಚಿನ್ನವನ್ನೆಲ್ಲ ಬಾಚಿಕೊಂಡು ಹೋದರು, ಆಮೇಲೆ ಸರ್ಕಾರಕ್ಕೆ ನಷ್ಟ ಆಯ್ತು, ಮುಚ್ಚಿದರು. ಅಷ್ಟೇ. ಚಿನ್ನದ ರೇಟು ಏರಿದಾಗಲೆಲ್ಲ ಇದಕ್ಕೆ ಒಂದು ಬಾಲ ಸೇರುತ್ತೆ: ‘ಈಗ ಮತ್ತೆ ತೆಗೀಬಹುದಲ್ವಾ?’

ಈ ‘ನಷ್ಟ ಆಯ್ತು’ ಅನ್ನೋದು ಬಹಳ ದಿನದಿಂದ ತಲೆಯೊಳಗೆ ಕೊರೆಯುತ್ತಿದೆ. ಸುಳ್ಳು ಅಂತ ಅಲ್ಲ. ಕಂಪನಿ ಲೆಕ್ಕದ ಪುಸ್ತಕದಲ್ಲಿ ನಷ್ಟ ಇದ್ದದ್ದು ನಿಜ. ಆದರೆ ಆ ಪುಸ್ತಕದಲ್ಲಿ ಏನೇನು ಬರೆದಿರಲಿಲ್ಲ ಅನ್ನೋದು ನನಗೆ ಬೇರೆ ಒಂದು ಪುಸ್ತಕದಿಂದ ಗೊತ್ತು. ಅದು ನಮ್ಮಪ್ಪನ ಉದ್ರಿ ಪುಸ್ತಕ.

ಕೆಮ್ಮಿನ ಮಾಮಂದಿರು

ನಮ್ಮದು ಬೇತಮಂಗಲದ ಕಡೆ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಮಾರ್ಕೆಟ್ಟಲ್ಲಿ ತಮಿಳು. ಗಡಿ ಕಡೆಯವರಿಗೆ ಇದೇನೂ ಹೊಸದಲ್ಲ. ಅಪ್ಪ ಟೊಮೆಟೊ, ಬದನೆ, ಸೊಪ್ಪು, ಸೀಸನ್ ಬಂದರೆ ಅವರೆಕಾಯಿ, ಎಲ್ಲವನ್ನೂ ಕೆಜಿಎಫ್‌ನ ಪೇಟೆಯಾದ ರಾಬರ್ಟ್‌ಸನ್‌ಪೇಟೆಗೇ ಹಾಕುತ್ತಿದ್ದರು. ಬಂಗಾರಪೇಟೆ ಸಂತೆಗಿಂತ ಅಲ್ಲಿ ರೇಟು ಚೆನ್ನಾಗಿ ಸಿಗುತ್ತಿತ್ತು. ಕಾರಣ ಸರಳ. ಅಲ್ಲಿ ತಿಂಗಳ ಸಂಬಳದ ಜನ ಇದ್ದರು. ಸುತ್ತಮುತ್ತಲ ನಾವೆಲ್ಲ ಮಳೆ ನೋಡಿಕೊಂಡು ಬದುಕಿದವರು. ಕೋಲಾರದಲ್ಲಿ ಮಳೆ ನೋಡಿಕೊಂಡು ಬದುಕೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಬಯಲುಸೀಮೆಯಲ್ಲಿ ಬರಗಾಲದಲ್ಲೂ ತಪ್ಪದೆ ಕಾಸು ಹುಟ್ಟುತ್ತಿದ್ದ ಜಾಗ ಅದೊಂದೇ ಅಂತ ನಮಗೆಲ್ಲ ಅನಿಸುತ್ತಿತ್ತು.

ರಜೆಯಲ್ಲಿ ನಾನೂ ಅಪ್ಪನ ಜೊತೆ ಹೋಗುತ್ತಿದ್ದೆ. ಸಂಬಳದ ದಿನ ಮಾರ್ಕೆಟ್ಟಿನ ಗದ್ದಲವೇ ಬೇರೆ. ಬಿರಿಯಾನಿ ವಾಸನೆ, ಹೂವಿನವರ ಕೂಗು, ಬಡ್ಡಿಯವರು ಅಲ್ಲಲ್ಲಿ ಮರೆಯಲ್ಲಿ ನಿಂತಿರೋದು. ಗಂಡಸರ ಕೈಗೆ ಸಿಕ್ಕ ದುಡ್ಡು ಸಾರಾಯಿ ಅಂಗಡಿ ಸೇರೋ ಮುಂಚೆ ಕಿತ್ತುಕೊಂಡು ಬಂದ ಹೆಂಗಸರು ಮೊದಲು ಹಳೇ ಬಾಕಿ ತೀರಿಸಿ, ಆಮೇಲೆ ಹೊಸ ಸಾಲ ಹೇಳುತ್ತಿದ್ದರು. ಅದನ್ನು ಬರೆದುಕೊಳ್ಳೋದು ನನ್ನ ಕೆಲಸ. ಅಪ್ಪನಿಗೆ ಗಿರಾಕಿಗಳ ಹೆಸರು ಗೊತ್ತಿರಲಿಲ್ಲ, ಕೇಳುವ ಅಭ್ಯಾಸವೂ ಇರಲಿಲ್ಲ. ಗುರುತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ‘ಊರಿಗಾಂ ಟೀಚರಮ್ಮ’. ‘ದಪ್ಪ ಮೂಗುತಿ’. ‘ಕೆಮ್ಮಿನ ಮಾಮ’. ಕೆಮ್ಮಿನ ಮಾಮ ಅಂತ ಒಬ್ಬರು ಇದ್ದದ್ದು ಬರಬರುತ್ತಾ ನಾಲ್ಕೈದು ಜನ ಆದರು. ಆಗ ಅಪ್ಪ ಗುರುತಿಗೆ ಇನ್ನೊಂದು ಗುರುತು ಸೇರಿಸಬೇಕಾಯಿತು: ‘ಕೆಮ್ಮಿನ ಮಾಮ, ಮಾರಿಕುಪ್ಪಂ’, ‘ಕೆಮ್ಮಿನ ಮಾಮ, ಕನ್ನಡಕ’. ಊರಿಗಾಂ, ಮಾರಿಕುಪ್ಪಂ ಎಲ್ಲ ಕೆಜಿಎಫ್‌ನ ಭಾಗಗಳೇ. ಮಾಮಂದಿರು ಅಂದರೆ ಮುದುಕರಲ್ಲ ಮತ್ತೆ. ಇವತ್ತು ನನಗೆ ಆಗಿರುವಷ್ಟು ವಯಸ್ಸು ಅವರಿಗೆ ಆಗಿರಲಿಲ್ಲ.

ಆ ಕೆಮ್ಮಿಗೆ ಸಿಲಿಕೋಸಿಸ್ ಅಂತ ಹೆಸರಿದೆ ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಕೆಜಿಎಫ್‌ನ ಚಿನ್ನ ಇರೋದು ಬೆಣಚುಕಲ್ಲಿನ ಪದರದಲ್ಲಿ. ಅದಕ್ಕೆ ರಂಧ್ರ ಕೊರೆದು, ಸಿಡಿಸಿ, ಪುಡಿ ಮಾಡಬೇಕು. ಆ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣ. ಒಮ್ಮೆ ಶ್ವಾಸಕೋಶ ಸೇರಿದರೆ ಹೊರಗೆ ಬರಲ್ಲ. ಗಣಿ ಬಿಟ್ಟ ಮೇಲೂ ಕಾಯಿಲೆ ಬೆಳೆಯುತ್ತಲೇ ಹೋಗುತ್ತೆ. ಗುಣ ಮಾಡುವ ಔಷಧಿ ಇಲ್ಲ.

ಮಂಡ್ಯದ ಕಬ್ಬಿಗೂ ನಂಟಿದೆ

1802ರಲ್ಲಿ ಲೆಫ್ಟಿನೆಂಟ್ ವಾರೆನ್ ಹಳ್ಳಿಯವರಿಂದ ಮಣ್ಣು ತೊಳೆಸಿ ಚಿನ್ನದ ಕಣ ನೋಡಿದ್ದು, 1870ರ ದಶಕದಲ್ಲಿ ಲಾವೆಲ್ ಅನ್ನುವ ಐರಿಷ್ ಮನುಷ್ಯ ಮೈಸೂರು ಸರ್ಕಾರದಿಂದ ಪರವಾನಗಿ ತೆಗೆದುಕೊಂಡಿದ್ದು, ಆಮೇಲೆ 1880ರಲ್ಲಿ ಗಣಿ ನಡೆಸಲು ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದದ್ದು, ಇವೆಲ್ಲ ಎಲ್ಲರೂ ಬರೆಯುವ ವಿಷಯ. ನಾನು ಬಿಡುತ್ತೇನೆ. ನನಗೆ ಜಾಸ್ತಿ ಆಸಕ್ತಿ ಇರೋದು 1902ರ ಕಡೆಗೆ.

ಆ ವರ್ಷ ಜೂನ್ 30ಕ್ಕೆ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಹರಿಯಿತು. ಸುಮಾರು 147 ಕಿಲೋಮೀಟರ್ ತಂತಿ. ಆಗಿನ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡದ್ದು, ಅವರು ಅದನ್ನು ನೋಡದೆ ಹಿಂದಿನ ವರ್ಷವೇ ತೀರಿಕೊಂಡರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಮೂರು ವರ್ಷ ತಡವಾಗಿ, ಅದೇ ನೀರಿನ ಕರೆಂಟಿನಿಂದ. ಬೆಂಗಳೂರಿನ ಬೀದಿದೀಪದ ಬಗ್ಗೆ ಹೆಮ್ಮೆಯಿಂದ ಬರೆಯುವವರು ಈ ಮೂರು ವರ್ಷವನ್ನು ಸುಮ್ನೆ ದಾಟಿಬಿಡುತ್ತಾರೆ.

ಇನ್ನೂ ಒಂದು ಇದೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಗಣಿಯಲ್ಲಿ ಕರೆಂಟು ಕೈಕೊಟ್ಟರೆ ನೀರೆತ್ತುವ ಪಂಪು, ಗಾಳಿ, ಜನರನ್ನು ಎಳೆಯುವ ಕೇಜು, ಎಲ್ಲಕ್ಕೂ ಕುತ್ತು. ಮೇಲೆ ಎಲ್ಲಾದರೂ ನೀರು ನಿಲ್ಲಿಸಿ ವರ್ಷವಿಡೀ ಒಂದೇ ಸಮ ಬಿಡಬೇಕಿತ್ತು. ಕನ್ನಂಬಾಡಿ ಕಟ್ಟೆಯ ಯೋಜನೆ ಮುಂದಿಟ್ಟಾಗ ವಿಶ್ವೇಶ್ವರಯ್ಯನವರು ಹೇಳಿದ ಕಾರಣಗಳಲ್ಲಿ ಇದೂ ಒಂದು. ನೀರಾವರಿಯಿಂದ ದುಡ್ಡು ವಾಪಸ್ ಬರಲು ವರ್ಷಗಳು ಹಿಡಿಯುತ್ತವೆ. ಕರೆಂಟಿಗೆ ಕೊಳ್ಳುವವರು ಆಗಲೇ ರೆಡಿ ಇದ್ದರು, ಕೋಲಾರದ ಚಿನ್ನದ ಕಂಪನಿಗಳು. ಮಂಡ್ಯದವರು ಬೇಜಾರು ಮಾಡಿಕೊಳ್ಳಬಾರದು, ನಿಮ್ಮ ಕಬ್ಬಿಗೆ ಹರಿಯುವ ನೀರಿನಲ್ಲಿ ನಮ್ಮ ಮಾರಿಕುಪ್ಪಂದ ಪಾಲೂ ಸ್ವಲ್ಪ ಇದೆ.

ಚಿನ್ನದ ರಾಯಧನ ಬೇರೆ ಮೈಸೂರು ಸಂಸ್ಥಾನದ ಖಜಾನೆಗೆ ವರ್ಷಾ ವರ್ಷ ಬರುತ್ತಿತ್ತು. ಮಾದರಿ ಸಂಸ್ಥಾನ ಅಂತ ನಾವು ಹೇಳಿಕೊಳ್ಳುತ್ತೇವಲ್ಲ, ಅದರ ಖರ್ಚಿನಲ್ಲಿ ಒಂದು ಭಾಗ ನೆಲದಡಿಯಿಂದ ಬಂದದ್ದು. ಕೆಜಿಎಫ್ ನಷ್ಟಕ್ಕೆ ಮುಚ್ಚಿತು ಅನ್ನುವ ಯಾರೂ ಈ ಬಾಬ್ತನ್ನು ಜಮೆ ಕಡೆ ಬರೆದದ್ದು ನಾನು ನೋಡಿಲ್ಲ.

ಕೆಳಗೆ

ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಚಿನ್ನ ಅನ್ನೋದರ ಮೇಲೆ ಗಣಿಯ ಹಣೆಬರಹ ನಿಂತಿರುತ್ತೆ. ಶುರುವಿನ ವರ್ಷಗಳಲ್ಲಿ ಇಲ್ಲಿ ಸಿಕ್ಕಿದ್ದು ಪ್ರಪಂಚದಲ್ಲೇ ಒಳ್ಳೆಯ ಅದಿರು. ಕೊನೆಕೊನೆಗೆ ಟನ್ನಿಗೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. ಗಣಿ ಮಾತ್ರ ಆಳಕ್ಕೆ ಹೋಗುತ್ತಲೇ ಇತ್ತು. ಇಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ದಾಟಿತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಮೀರುತ್ತೆ. ತಣ್ಣನೆ ಗಾಳಿ ಕೆಳಗೆ ತಳ್ಳದಿದ್ದರೆ ಮನುಷ್ಯ ನಿಲ್ಲೋಕೆ ಆಗಲ್ಲ. ಆಳವೇ ಬೇಕಾಗಿದ್ದವರೂ ಇದ್ದರು ಅನ್ನಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ 1965ರಲ್ಲಿ ಇಲ್ಲೇ, ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದ ನ್ಯೂಟ್ರಿನೋಗಳ, ಅಂದರೆ ನೆಲವನ್ನೂ ತೂರಿಕೊಂಡು ಹೋಗುವ ಅತಿ ಸಣ್ಣ ಕಣಗಳ, ಗುರುತು ಹಿಡಿದರು. ಪ್ರಪಂಚದ ಭೌತವಿಜ್ಞಾನದ ಪುಸ್ತಕಗಳಲ್ಲಿ ಕೋಲಾರದ ಹೆಸರು ಇರೋದು ಈ ಕಾರಣಕ್ಕೆ, ಚಿನ್ನಕ್ಕಲ್ಲ.

ಆಳದ ಇನ್ನೊಂದು ಮುಖ ನಾನು ಕೇಳಿದ್ದು ಒಂದು ಲೈನ್ ಮನೆಯಲ್ಲಿ. ಗಣಿ ಮುಚ್ಚಿ ಕೆಲವು ವರ್ಷ ಆಗಿತ್ತು. ಗೆಳೆಯನೊಬ್ಬನ ತಂದೆ, ಕೆಳಗೆ ಬಂಡೆ ಕುಸಿಯದ ಹಾಗೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದವರು. ಲೈನ್ ಮನೆ ಅಂದರೆ ಗೊತ್ತಲ್ಲ, ಉದ್ದಕ್ಕೆ ಒಂದಕ್ಕೊಂದು ಅಂಟಿದ ಒಂದೊಂದು ಕೋಣೆ, ಎದುರಿಗೆ ತಲೆ ತಗ್ಗಿಸಿ ನುಗ್ಗಬೇಕಾದ ತಗಡಿನ ಚಾವಡಿ. ಮನೆಗೆ ಕಕ್ಕಸು ಇಲ್ಲ, ಸಾಲಿಗೆ ಒಂದು ಇದ್ದರೆ ಪುಣ್ಯ. ಅವರು ಬಾಗಿಲ ಪಕ್ಕದ ಪಾತ್ರೆ ಹಲಗೆಯನ್ನು ತೋರಿಸಿದರು. ಅದರ ಅಂಚಿಗೆ ಒಂದು ತೆಳು ಪಟ್ಟಿ ಹೊಡೆದಿತ್ತು. ಯಾಕೆ ಅಂದರೆ ಕೆಳಗೆ ಬಂಡೆ ಸಿಡಿದರೆ ಮೇಲೆ ಲೋಟ, ಚೊಂಬು ಉರುಳಿ ಬೀಳಬಾರದು. ಅದಿರು ತೆಗೆದು ಪೊಳ್ಳಾದ ಜಾಗದ ಸುತ್ತ ಬಂಡೆ ಒತ್ತಡ ತಾಳದೆ ಒಮ್ಮೆಲೇ ಸಿಡಿಯುತ್ತೆ, ಭೂಕಂಪದ ಹಾಗೆ ಮೇಲಿನವರೆಗೂ ನಡುಗುತ್ತೆ. ಹಲಗೆ ನಡುಗಿದ ತಕ್ಷಣ ಹೆಂಗಸರು ಗಡಿಯಾರ ನೋಡುತ್ತಿದ್ದರಂತೆ. ಈಗ ಯಾವ ಶಿಫ್ಟು? ನಮ್ಮವರು ಕೆಳಗಾ, ಮೇಲಾ? ಆಮೇಲೆ ಶಾಫ್ಟ್ ಕಡೆ ಓಟ. ಅವರ ಹೆಂಡತಿ ಒಳಗಿನಿಂದಲೇ ಹೇಳಿದರು, ಆ ಪಟ್ಟಿ ಹೊಡೆಸಿದ್ದು ಅವರಲ್ಲ, ನಾನು ಅಂತ. ಗಂಡನಿಗೆ ಕೆಳಗಿನ ಮರಕ್ಕೆ ಮೊಳೆ ಹೊಡೆಯೋಕೇ ಟೈಮ್ ಇರಲಿಲ್ಲವಂತೆ.

ಬಂಡೆ ಸಿಡಿತದ ಬಗ್ಗೆ ಅಧ್ಯಯನ ಮಾಡಲು ರಾಷ್ಟ್ರಮಟ್ಟದ ಸಂಸ್ಥೆಯನ್ನೇ 1988ರಲ್ಲಿ ಕೆಜಿಎಫ್‌ನಲ್ಲಿ ಶುರು ಮಾಡಿದರು. ಹಲಗೆಗೆ ಪಟ್ಟಿ ಹೊಡೆದವರು ಅದಕ್ಕಿಂತ ಎಷ್ಟೋ ಮೊದಲೇ ಇದ್ದರು.

ನಷ್ಟ ಬಂದದ್ದು ಹೇಗೆ?

ಟೇಲರ್ ಕಂಪನಿಯಿಂದ ಮೈಸೂರು ಸರ್ಕಾರಕ್ಕೆ ಗಣಿ ಬಂದದ್ದು 1956ರಲ್ಲಿ. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಒಳ್ಳೆಯ ಅದಿರೆಲ್ಲ ಹೋದ ಮೇಲೆ ನಮ್ಮ ಕೈಗೆ ಸಿಕ್ಕಿತು ಅನ್ನೋದು ಒಪ್ಪತಕ್ಕ ಮಾತೇ. ಆದರೆ ಆಮೇಲೆ ಏನಾಯಿತು ನೋಡಿ. ಗಣಿಯ ಚಿನ್ನವನ್ನು ಕಂಪನಿ ಪೇಟೆಯಲ್ಲಿ ಮಾರುವ ಹಾಗಿರಲಿಲ್ಲ. ಬಹಳ ವರ್ಷ ಅದು ಸರ್ಕಾರಕ್ಕೇ ಹೋಗುತ್ತಿತ್ತು, ಅದೂ ಅಂತರರಾಷ್ಟ್ರೀಯ ದರದಲ್ಲಿ. ಆಗ ನಮ್ಮ ದೇಶದೊಳಗೆ ಚಿನ್ನದ ರೇಟು ಅದಕ್ಕಿಂತ ತುಂಬಾ ಮೇಲಿತ್ತು. ದೇಶಕ್ಕೆ ವಿದೇಶಿ ವಿನಿಮಯ ಬೇಕಾಗಿದ್ದ ಕಾಲ, ಸರಿ. ಆದರೆ ಮೂಟೆ ಟೊಮೆಟೊವನ್ನು ಅರ್ಧ ರೇಟಿಗೆ ಮನೆಯವರೇ ಎತ್ತಿಕೊಂಡು, ವರ್ಷದ ಕೊನೆಗೆ ನಿನ್ನ ತೋಟ ನಷ್ಟದಲ್ಲಿದೆ ಅಂದರೆ ರೈತ ಏನು ಹೇಳಬೇಕು?

ಕೊನೆಗಾಲದಲ್ಲಿ ಆ ಕಾರಣವೊಂದೇ ಅಲ್ಲ ಬಿಡಿ. ಒಂದು ಗ್ರಾಂ ತೆಗೆಯುವ ಖರ್ಚು ಮಾರುವ ಬೆಲೆಯನ್ನು ಮೀರಿ ಹೋಗಿತ್ತು. ಯಂತ್ರಗಳು ಹಳೆಯವು. ಹೊಸ ಕಡೆ ಹುಡುಕಲು ದುಡ್ಡು ಹಾಕಲಿಲ್ಲ. 1992ರಲ್ಲಿ ರೋಗಗ್ರಸ್ತ ಉದ್ಯಮ ಅನ್ನಿಸಿಕೊಂಡಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಒಂದು ಕಾಲಕ್ಕೆ 30,000 ಜನಕ್ಕೂ ಹೆಚ್ಚು ದುಡಿದ ಜಾಗದಲ್ಲಿ ಆಗ ಉಳಿದಿದ್ದವರು ನಾಲ್ಕು ಸಾವಿರದ ಒಳಗೆ.

ನನ್ನನ್ನು ಕಾಡೋದು ಆ ದಿನಾಂಕ. ಆ ವರ್ಷ 10 ಗ್ರಾಂ ಚಿನ್ನಕ್ಕೆ ಸುಮಾರು 4,300 ರೂಪಾಯಿ. ಡಾಲರ್ ಲೆಕ್ಕದಲ್ಲಿ ಎರಡು ದಶಕಗಳಲ್ಲೇ ಅತಿ ಕಡಿಮೆ ಬೆಲೆ ಇದ್ದ ಸಮಯ. ಅಲ್ಲಿಂದ ಮುಂದೆ ಚಿನ್ನ ಹೆಚ್ಚುಕಡಿಮೆ ಏರಿಕೊಂಡೇ ಹೋಯಿತು. ಇವತ್ತಿನ ರೇಟು ನಿಮಗೇ ಗೊತ್ತು, ಮನೆಯಲ್ಲಿ ಮದುವೆ ಇದ್ದವರಿಗಂತೂ ಚೆನ್ನಾಗಿ ಗೊತ್ತು. ಮುಚ್ಚಿದವರಿಗೆ ಭವಿಷ್ಯ ಗೊತ್ತಿರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಗಣಿ ಮುಚ್ಚೋದು ಅಂಗಡಿ ಮುಚ್ಚಿದ ಹಾಗೆ ಅಲ್ಲ. ಪಂಪು ನಿಲ್ಲಿಸಿದರೆ ನೀರು ತುಂಬುತ್ತೆ. ನೀರು ತುಂಬಿದ ಮೂರು ಕಿಲೋಮೀಟರ್ ಗಣಿಯನ್ನು ಮತ್ತೆ ತೆರೆಯೋದು ಹೊಸ ಗಣಿ ತೋಡೋದಕ್ಕಿಂತ ಕಷ್ಟ. ರೇಟು ಏರಿದಾಗ ತೆರೆದರಾಯ್ತು ಅನ್ನುವ ದಾರಿಯೇ ಇಲ್ಲ. ಬೆಂಗಳೂರಿನವರ ಆ ಬಾಲದ ಪ್ರಶ್ನೆಗೆ ಉತ್ತರ ಇಷ್ಟೇ.

ಅಪ್ಪನ ಪುಸ್ತಕದಲ್ಲಿ ಆ ವರ್ಷದ ಪುಟಗಳಲ್ಲಿ ಬಾಕಿ ಹಾಗೇ ನಿಂತಿದೆ. ಕೆಲವರು ಪರಿಹಾರದ ದುಡ್ಡು ಬಂದಾಗ ಹುಡುಕಿಕೊಂಡು ಬಂದು ಕೊಟ್ಟರು. ಕೆಲವರು ಊರೇ ಬಿಟ್ಟಿದ್ದರು. ಅಪ್ಪ ಯಾರನ್ನೂ ಕೇಳಲಿಲ್ಲ. ಮುಂದಿನ ವರ್ಷದಿಂದ ಟೊಮೆಟೊ ಬೇರೆ ಕಡೆಗೆ ಹೋಗತೊಡಗಿತು. ರೇಟು ಬಿದ್ದ ದಿನ ರಸ್ತೆಗೆ ಸುರಿಯುವ ಪಾಳಿಗೆ ನಾವೂ ಸೇರಿದೆವು.

ಚಿನ್ನ ನಮ್ಮದು, ಜನ?

ಒಂದು ಮಾತು ನಮ್ಮವರಿಗೇ ಹೇಳಬೇಕು. ಕೋಲಾರದ ಚಿನ್ನ ಅಂದರೆ ಕನ್ನಡಿಗರಿಗೆ ಹೆಮ್ಮೆ. ‘ಚಿನ್ನದ ನಾಡು’ ಅಂತ ಶಾಲೆಯ ಭಾಷಣಗಳಲ್ಲಿ ನಾನೂ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದನ್ನು ತೆಗೆದವರು ಬಹಳ ಮಟ್ಟಿಗೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರು, ತಮಿಳು ಮಾತಾಡುವವರು. ಊರಲ್ಲಿ ಭೂಮಿ ಇಲ್ಲದೆ, ಜಾತಿಯ ಕಾಟ ತಾಳದೆ ಬಂದವರು. ಗಣಿಯೊಳಗಿನ ಕೆಲಸ ಪ್ರಾಣಕ್ಕೆ ಸಂಚಕಾರವಾದರೂ ಸಂಬಳ ಕೈಗೆ ಬರುತ್ತಿತ್ತು, ಯಾರ ಮನೆ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ಇದರಿಂದಲೇ ಇರಬೇಕು, ಆ ಊರಿಗೆ ಒಂದು ಧೈರ್ಯ ಇತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘ ಮಾರಿಕುಪ್ಪಂನಲ್ಲಿ ಕೆಲಸ ಮಾಡುತ್ತಿತ್ತು. ಅಂಬೇಡ್ಕರರು ನಾಗಪುರದಲ್ಲಿ ತೆಗೆದುಕೊಂಡ ಬೌದ್ಧ ದೀಕ್ಷೆಗಿಂತ ನಾಲ್ಕೈದು ದಶಕ ಮುಂಚೆ. 1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆಯಲು ಹೊರಟಾಗ, ನಾವೇನು ಕಳ್ಳರಾ ಅಂತ ಇಡೀ ಊರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿತು. 1946ರ ಮುಷ್ಕರದಲ್ಲಿ ಗುಂಡಿಗೆ ಸತ್ತ ಕಾರ್ಮಿಕರ ನೆನಪನ್ನು ಆ ಊರು ಇನ್ನೂ ಮರೆತಿಲ್ಲ.

ನಮ್ಮ ಪಠ್ಯದಲ್ಲಿ ಇದು ಯಾವುದೂ ಇರಲಿಲ್ಲ. ಚಿನ್ನದ ಟನ್ ಲೆಕ್ಕ ಇತ್ತು, 800 ಟನ್‌ಗೂ ಮೇಲೆ. ಗಣಿ ಮುಚ್ಚಿದಾಗ ಬೇರೆ ಯಾವುದೋ ಕಾರ್ಖಾನೆ ಮುಚ್ಚಿದಾಗ ಆದಷ್ಟು ಗಲಾಟೆಯೂ ರಾಜ್ಯದಲ್ಲಿ ಆಗಲಿಲ್ಲ. ‘ಅದು ತಮಿಳರ ಊರು ಬಿಡ್ರೀ’ ಅಂತ ಕೋಲಾರದಲ್ಲೇ ಕುಳಿತು ಹೇಳಿದವರನ್ನು ಕೇಳಿದ್ದೇನೆ. ನಾಲ್ಕು ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದವರು ಯಾವಾಗ ಈ ಊರಿನವರಾಗುತ್ತಾರೆ ಅಂತ ಕೇಳಿದರೆ ಉತ್ತರ ಬರಲಿಲ್ಲ.

ಈಗ ಅವರ ಮಕ್ಕಳು ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ರೈಲು ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲ್‌ನಲ್ಲಿ ಜನ ಹತ್ತಿಸಿಕೊಂಡು ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗ ಇರಲ್ಲ. ನಾನೂ ಕೆಲವು ಕಾಲ ಆ ರೈಲಿನಲ್ಲಿ ಓಡಾಡಿದವನು. ಸೆಕ್ಯುರಿಟಿ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿದವರು, ಕಂಪನಿ ಟ್ಯಾಗ್ ಜೇಬಿನಲ್ಲಿಟ್ಟ ಹುಡುಗರು, ವೈಟ್‌ಫೀಲ್ಡ್ ಬರೋವರೆಗೆ ಒಬ್ಬರ ಹೆಗಲ ಮೇಲೊಬ್ಬರು ಮಲಗಿದ ಹೆಂಗಸರು. ರಾತ್ರಿ ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟೋಕಾಗಲ್ಲ, ಲೈನ್ ಮನೆ ಬಿಟ್ಟರೆ ಅದು ಕೈತಪ್ಪಿ ಹೋಗಬಹುದು ಅನ್ನೋ ಭಯ. ಹೀಗಾಗಿ ರೈಲೇ ಗತಿ. ಈ ಮನೆಗಳ ಸಾಲು ಮುರಿದು ಬೀಳದೆ ಊರು ಉಳಿದಿದ್ದರೆ ಅದಕ್ಕೆ ಕಾರಣ 1894ರ ಆ ಹಳಿ. ಗಣಿ ಕಂಪನಿಗಳ ಸರಕಿಗೆ ಅಂತ ಹಾಕಿದ್ದು.

ಗುಡ್ಡಗಳ ಹರಾಜು

ಇನ್ನು ಸೈನೈಡ್ ಗುಡ್ಡಗಳು. ಅದಿರು ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು. 13 ಗುಡ್ಡ, ಒಟ್ಟು ಮೂರು ಕೋಟಿ ಟನ್‌ಗೂ ಹೆಚ್ಚು. ಸಿನಿಮಾದವರಿಗೆ ಒಳ್ಳೆ ಲೊಕೇಶನ್. ಗಾಳಿ ಎದ್ದರೆ ಪಕ್ಕದ ಮನೆಗಳ ಅನ್ನದ ತಟ್ಟೆಯಲ್ಲಿ ಹಲ್ಲಿಗೆ ಸಿಕ್ಕುವ ಮರಳು. ಹಳೇ ಕಾಲದ ಕ್ರಮದಲ್ಲಿ ಪೂರ್ತಿ ತೆಗೆಯಲಾಗದ ಚಿನ್ನ ಅದರಲ್ಲಿ ಸ್ವಲ್ಪ ಉಳಿದಿದೆ, ಈಗಿನ ರೇಟಿಗೆ ಲಾಭ ಇದೆ. 2013ರಲ್ಲಿ ಸುಪ್ರೀಂ ಕೋರ್ಟು ಗಣಿ ಆಸ್ತಿಗೆ ಜಾಗತಿಕ ಟೆಂಡರ್ ಕರೆಯಲು ಒಪ್ಪಿತು. 2024ರಲ್ಲಿ ರಾಜ್ಯ ಸರ್ಕಾರ ಗುಡ್ಡಗಳ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಊರಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯ. ಕೆಲಸ ಬರುತ್ತೆ ಅನ್ನುವವರು ಒಂದು ಕಡೆ. ಧೂಳು ಕೆದಕಿದರೆ ಯಾರ ಮನೆಗೆ ಹೋಗುತ್ತೆ ಅಂತ ಕೇಳುವವರು ಇನ್ನೊಂದು ಕಡೆ. ನಾನು ಎರಡನೆಯವರ ಜೊತೆ. ಗುಡ್ಡ ತೆಗೆಯಬೇಡಿ ಅಂತಲ್ಲ. ತೆಗೆಯುವವರು ಲೈನ್ ಮನೆಯ ಹಕ್ಕುಪತ್ರ, ಕೆಮ್ಮಿನವರ ಆಸ್ಪತ್ರೆ, ಧೂಳಿಗೆ ತಡೆ, ಇಷ್ಟನ್ನು ಟೆಂಡರಿನ ಕಾಗದದಲ್ಲೇ ಬರೆದುಕೊಳ್ಳಲಿ. ಆಮೇಲೆ ನೋಡೋಣ ಅಂದರೆ ಏನಾಗುತ್ತೆ ಅಂತ 2001ರಿಂದ ನೋಡುತ್ತಿದ್ದೇವೆ.

ಕರ್ನಾಟಕದಲ್ಲಿ ಇನ್ನೊಂದು ಚಿನ್ನದ ಊರು ಇದೆ, ರಾಯಚೂರು ಜಿಲ್ಲೆಯ ಹಟ್ಟಿ. ಅಲ್ಲಿ ಗಣಿ ಈಗಲೂ ನಡೆಯುತ್ತಿದೆ, ರೇಟು ಚೆನ್ನಾಗಿರುವುದರಿಂದ ಲಾಭದಲ್ಲೂ ಇದೆ. ರಾಜ್ಯ ಸರ್ಕಾರದ ಕಂಪನಿ, ತನ್ನದೇ ಕಾಲೊನಿ, ಆಸ್ಪತ್ರೆ, ಶಾಲೆ. ಅಲ್ಲಿಯ ಅದಿರೂ ಒಂದು ದಿನ ತೀರಲೇಬೇಕು. ಲಾಭ ಇರುವಾಗಲೇ, ಮುಚ್ಚುವ ದಿನಕ್ಕೆ ಅಂತ ವರ್ಷಕ್ಕಿಷ್ಟು ತೆಗೆದಿಡುವ ಮಾತು ಅಲ್ಲಿಯ ಯೂನಿಯನ್ನಿನಲ್ಲಾಗಲಿ ಕಂಪನಿಯಲ್ಲಾಗಲಿ ಯಾರಾದರೂ ಎತ್ತುತ್ತಿದ್ದಾರಾ? ಹಟ್ಟಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ.